ಅಕ್ಕಿತಿಟ್ಟೋ, ಹಕ್ಕಿತಿಟ್ಟೋ

ನಡುಗಡ್ಡೆಯಲ್ಲಿ ನಾಲ್ಕು ದಿನ: ಕಂತು ೬

“ಇನ್ನೊಂದು ಸಲ ಹೇಳು ಮಾದಣ್ಣ. ಮೇಷ್ಟ್ರನ್ನ ಎಲ್ಲಿ ಇಳಿಸ್ದೆ?”

“ಅಕ್ಕಿತಿಟ್ಟಲ್ಲಿ ಕಣವ್ವ. ಎಷ್ಟ್ ಸಲ ಅಂತ ಏಳ್ಲಿ?”

ಪೊಲೀಸ್ ಹೊರಠಾಣೆಯ ಜಗಲಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ತೆಪ್ಪದ ಚಿಕ್ಕಮಾದು ಇಷ್ಟು ಹೇಳಿ ತಲೆ ತಗ್ಗಿಸಿದ. ಯಶೋಧರಾ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ನೋಡಿದಳು. ಅದು ಅವನದೇ ಹೇಳಿಕೆ. ಕೆಳಗೆ ಅವನ ಎಡಗೈ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ರೈಟರ್ ನಂಜೇಶನ ಸಹಿ. ಮೇಲಿನಿಂದ ಏಳನೇ ಸಾಲಿನಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ‘ಹಕ್ಕಿತಿಟ್ಟು’ ಎಂದಿತ್ತು.

ಒಂದೇ ಒಂದು ಹಕಾರ. ಎರಡು ದಿನದಿಂದ ಯಾರ ಕಣ್ಣಿಗೂ ಬೀಳದೆ ಅಲ್ಲೇ ಕೂತಿತ್ತು.

ನಿವೃತ್ತ ಕನ್ನಡ ಮೇಷ್ಟ್ರು ಪುಟ್ಟಬಸವಯ್ಯ ಮೊನ್ನೆ ಬೆಳಿಗ್ಗೆ ಏಳಕ್ಕೆ ಚಿಕ್ಕಮಾದುವಿನ ತೆಪ್ಪ ಹತ್ತಿ ಹೋದವರು ಹಿಂದಿರುಗಿರಲಿಲ್ಲ. ಮಧ್ಯಾಹ್ನ ಬಾ ಎಂದಿದ್ದರು, ಹೋದರೆ ಅವರು ಅಲ್ಲಿರಲಿಲ್ಲ, ಬೇರೆ ತೆಪ್ಪದವರು ಕರೆದೊಯ್ದಿರಬೇಕು ಅಂದುಕೊಂಡೆ ಎಂಬುದು ಚಿಕ್ಕಮಾದುವಿನ ಮಾತು. ಆ ಮಾತನ್ನು ನಂಬುವವಳು ಈಗ ಒಬ್ಬಳೇ ಉಳಿದಿದ್ದಳು.

ಆ ಒಬ್ಬಳಿಗೂ ಇಲ್ಲಿ ಅಧಿಕಾರವಿರಲಿಲ್ಲ. ನಂಜನಗೂಡಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದ ಯಶೋಧರಾ ತಾಯಿ ಮಂಚಮ್ಮನನ್ನು ಕರೆದುಕೊಂಡು ದಸರಾ ರಜೆ ಕಳೆಯಲು ಬಂದವಳು. ಮುಡುಕುತೊರೆಯ ಕೆಳಗೆ ಕಾವೇರಿಯಲ್ಲಿ ಚದುರಿ ಬಿದ್ದಿರುವ ಪುಟ್ಟ ಪುಟ್ಟ ನಡುಗಡ್ಡೆಗಳಿಗೆ ಈ ಕಡೆ ತಿಟ್ಟು ಅನ್ನುತ್ತಾರೆ. ದಿನಕ್ಕೊಂದು ತಿಟ್ಟು ಸುತ್ತುವುದು, ಉಣ್ಣುವುದು, ಮರದ ಕೆಳಗೆ ಮಲಗುವುದು, ನಾಲ್ಕು ದಿನಕ್ಕೆ ಅವಳು ಹಾಕಿಕೊಂಡಿದ್ದ ಕಾರ್ಯಕ್ರಮ ಇಷ್ಟೇ. ಕೇಸು ಅವಳದ್ದಲ್ಲ, ಠಾಣೆಯೂ ಅವಳದ್ದಲ್ಲ. ಆದರೆ ಮೊನ್ನೆ ಸಂಜೆ ಹೆದರಿ ಮನೆಯಿಂದ ಹೊರಗೆ ಬರದೆ ಕೂತಿದ್ದ ಚಿಕ್ಕಮಾದುವಿಗೆ, ಹೋಗಿ ಇದ್ದದ್ದು ಇದ್ದ ಹಾಗೆ ಹೇಳು, ನಿನಗೇನೂ ಆಗುವುದಿಲ್ಲ, ನಾನಿದ್ದೇನೆ ಎಂದು ಭರವಸೆ ಕೊಟ್ಟು ಕಳಿಸಿದವಳು ಮಾತ್ರ ಅವಳೇ.

ಇವತ್ತು ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರರ ಜೀಪು ಬರುವುದಿತ್ತು. ಸುಳ್ಳು ಹೇಳಿಕೆ ಕೊಟ್ಟಿದ್ದಾನೆ, ಕೊನೆಗೆ ಜೊತೆಯಲ್ಲಿದ್ದವನೂ ಇವನೇ ಎಂದು ಕೊಲೆಯ ಗುಮಾನಿಯ ಮೇಲೆ ಚಿಕ್ಕಮಾದುವನ್ನು ನರಸೀಪುರಕ್ಕೆ, ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುವವರಿದ್ದರು. ಗಡಿಯಾರದಲ್ಲಿ ಆಗಲೇ ಹನ್ನೆರಡೂವರೆಯಾಗಿತ್ತು.

“ಇವನು ಅಕ್ಕಿ ಅಂತಾನೆ, ನೀವು ಹಕ್ಕಿ ಅಂತ ಬರೆದಿದ್ದೀರಲ್ಲ?” ಎಂದು ಅವಳು ನಂಜೇಶನನ್ನು ಕೇಳಿದಳು.

ನಂಜೇಶ್ ಮೈಸೂರು ಪೇಟೆಯಲ್ಲಿ ಹುಟ್ಟಿ ಬೆಳೆದವನು, ಕನ್ನಡದಲ್ಲಿ ಎಂ.ಎ. ಬೇರೆ. ಈ ಕಡೆಯ ಜನ ಹಳ್ಳಿಯನ್ನು ಅಳ್ಳಿ ಮಾಡುತ್ತಾರೆ, ಹೋಗುವುದನ್ನು ಓಗುವುದು ಮಾಡುತ್ತಾರೆ, ಹಾಗೇ ಬರೆದುಕೊಂಡರೆ ಕೋರ್ಟಿನಲ್ಲಿ ನಗುತ್ತಾರೆ, ಅದಕ್ಕೇ ಬಿಟ್ಟುಹೋದ ಹಕಾರಗಳನ್ನೆಲ್ಲ ತಾನೇ ಕೂಡಿಸಿ ಬರೆದಿದ್ದೇನೆ ಎಂದು ಅವನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಯಶೋಧರಾ ಎಣಿಸಿದಳು. ಮೂವತ್ತೊಂದು ಕಡೆ ಕೂಡಿಸಿದ್ದ. ಮೂವತ್ತು ಸರಿಯಾಗಿದ್ದವು.

“ಮಾದಣ್ಣ, ಆ ಬೆಳ್ಳಗೆ ಕೊಕ್ಕರೆಗಳು ಕೂರ್ತವಲ್ಲ, ಆ ತಿಟ್ಟಿಗೆ ಏನಂತೀಯ?”

“ಅದಾ? ಅದು ಕೊಕ್ರೆತಿಟ್ಟು.”

“ಹಕ್ಕಿತಿಟ್ಟು ಅಲ್ವಾ?”

“ಅಂಗಂತ ಡೇರೆ ಆಕವ್ರಲ್ಲ ಬಸವೇಸಪ್ನೋರು, ಅವ್ರು ಬೋಲ್ಡಲ್ಲಿ ಬರ್ಸವ್ರೆ. ನಮ್ ತಾತನ್ ಕಾಲ್ದಿಂದ್ಲೂ ಅದು ಕೊಕ್ರೆತಿಟ್ಟೇಯ. ಅಕ್ಕಿತಿಟ್ಟು ಅಂದ್ರೆ ಅದ್ರಿಂದ ಕೆಳೀಕದೆ, ಒಂದ್ ಕಾಲ್ದಲ್ಲಿ ಬತ್ತ ಬೆಳೀತಿದ್ದ ತಿಟ್ಟು. ಅನ್ನ ಮಾಡ ಅಕ್ಕಿ ಕಣವ್ವ.”

ನಂಜೇಶನ ಕೈಯಲ್ಲಿದ್ದ ಪೆನ್ನು ನಿಂತಿತು. ನಿನ್ನೆ ಪೊಲೀಸರು ಹುಡುಕಿದ್ದು ಕೊಕ್ಕರೆಗಳ ತಿಟ್ಟನ್ನು. ಅಲ್ಲಿ ನೆಲ ಕಾಣದ ಹಾಗೆ ಹಿಕ್ಕೆ ಒಣಗಿ ಬೆಳ್ಳಗಾಗಿತ್ತು, ಅದರ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ವಾರದಿಂದ ಇಲ್ಲಿ ಯಾರೂ ಇಳಿದಿಲ್ಲ, ಆದ್ದರಿಂದ ಚಿಕ್ಕಮಾದು ಹೇಳಿದ್ದೆಲ್ಲ ಸುಳ್ಳು ಎಂದು ಪಂಚನಾಮೆಯಲ್ಲಿ ಬರೆದಾಗಿತ್ತು.

“ಬರೆದಿದ್ದನ್ನ ಓದಿ ಹೇಳಿದಾಗ ನೀನು ಯಾಕೆ ಸುಮ್ನಿದ್ದೆ?”

“ಈ ಸಾಯೇಬ್ರು ಅಕ್ಕಿಗೆ ಅದೇನೋ ಉಸ್ರು ಸೇರ್ಸಿ ಓದುದ್ರು. ಓದ್ದೋರು ಎಲ್ಲದ್ಕೂವೆ ಒಂದ್ ಉಸ್ರು ಸೇರುಸ್ತಾರಲ್ಲ, ಇದೂ ಅಂಗೇಯ ಅಂದ್ಕಂಡೆ. ಅಕ್ಸರ ಗೊತ್ತಿಲ್ದ ನನ್ಗೆ ಅದೆಲ್ಲ ಎಲ್ ತಿಳ್ದದು ತಾಯಿ?”

ಯಶೋಧರಾಗೆ ನಗು ಬಂತು, ಆ ಕೂಡಲೇ ನಾಚಿಕೆಯೂ ಆಯಿತು. ತನ್ನೂರು ಹೆಮ್ಮರಗಾಲದಲ್ಲಿ ಅವಳೂ ಅಳ್ಳಿ ಅನ್ನುತ್ತಲೇ ಬೆಳೆದವಳು. ಸ್ಕೂಲಿಗೆ ಸೇರಿದ ಮೇಲೆ ಏಟು ತಿಂದು ಹಕಾರ ಕಲಿತವಳು. ಬೇರೆ ಯಾರಿಗಲ್ಲದಿದ್ದರೂ ತನಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು ಅನಿಸಿತು.

ಹೇಳಿಕೆ ತಿದ್ದುವುದು ತನ್ನ ಕೈಯಲ್ಲಿಲ್ಲ ಎಂದ ನಂಜೇಶ್. ಆದರೆ ಅವನು ಕೆಟ್ಟವನಲ್ಲ. ಮೇಷ್ಟ್ರು ಅಕ್ಕಿತಿಟ್ಟಿನಲ್ಲಿ ಇಳಿದದ್ದಕ್ಕೆ ಏನಾದರೂ ಗುರುತು ತಂದುಕೊಟ್ಟರೆ, ತಪ್ಪು ನನ್ನದೇ ಎಂದು ಇನ್ಸ್‌ಪೆಕ್ಟರ್ ಸಾಹೇಬರ ಎದುರಿಗೆ ತಾನೇ ಒಪ್ಪಿಕೊಳ್ಳುತ್ತೇನೆ, ನಾಲ್ಕರೊಳಗೆ ತನ್ನಿ ಎಂದ.

ಅವಳು ತಂಗಿದ್ದ ಮಾವಿನ ತೋಪಿನ ಬಾಯಲ್ಲೇ ಡೇರೆಗಳ ಒಡೆಯ ಬಸವೇಶನ ಬೋರ್ಡು. ನೀಲಿ ತಗಡಿನ ಮೇಲೆ ಹೊಳೆ, ಹೊಳೆಯಲ್ಲಿ ಹಸಿರು ಉಂಡೆಗಳ ಹಾಗೆ ನಾಲ್ಕು ತಿಟ್ಟು. ಹುಣಸೆತಿಟ್ಟು, ಹಾಮೆತಿಟ್ಟು, ಹಕ್ಕಿತಿಟ್ಟು, ದೊಡ್ಡತಿಟ್ಟು. ಅಕ್ಕಿತಿಟ್ಟಿನ ಹೆಸರೇ ಇರಲಿಲ್ಲ.

ಹಾಮೆ ಎಂಬ ಆ ಹೊಸ ಪ್ರಾಣಿಯನ್ನು ನೋಡಿ ಪುಟ್ಟಬಸವಯ್ಯ ಮೇಷ್ಟ್ರು ಯಶೋಧರಾ ಬಂದ ಮೊದಲ ಸಂಜೆಯೇ ತಮಾಷೆ ಮಾಡಿದ್ದರು. ಅಲ್ಲಪ್ಪಾ ಬಸವೇಶ, ಪಾಪ ಆಮೆಗೆ ಬೆನ್ನಿನ ಮೇಲಿರುವ ಭಾರ ಸಾಲದು ಅಂತ ನೀನು ಒಂದು ಹಕಾರ ಬೇರೆ ಹೊರಿಸಿದೆಯಾ ಎಂದಿದ್ದರು. ಎಲ್ಲರೂ ನಕ್ಕಿದ್ದರು, ಬಸವೇಶ್ ನಕ್ಕಿರಲಿಲ್ಲ.

ಮೇಷ್ಟ್ರು ತಗಡೂರಿನವರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮನಸ್ಸು ನಿಲ್ಲದೆ ಗಣೇಶನ ಹಬ್ಬದ ಮಾರನೆಯ ದಿನ ಇಲ್ಲಿಗೆ ಬಂದವರು, ತಿಂಗಳಾದರೂ ಡೇರೆ ಬಿಟ್ಟಿರಲಿಲ್ಲ. ಬೆಳಿಗ್ಗೆ ತಿಂಡಿಗೂ ಮೊದಲೇ ತೆಪ್ಪದಲ್ಲಿ ಹೊರಟುಬಿಡುತ್ತಿದ್ದರು. ಅವರ ಕೈಚೀಲದಲ್ಲಿ ಸೀಮೆಸುಣ್ಣದ ಡಬ್ಬಿ ಕಂಡು, ರಜೆಗೆ ಬಂದವರಿಗೆ ಇದು ಯಾಕೆ ಸಾರ್ ಎಂದು ಯಶೋಧರಾ ಕೇಳಿದ್ದಳು. ಅಭ್ಯಾಸ ಬಿಡೋಲ್ಲ ಮಗಳೇ ಎಂದು ನಕ್ಕಿದ್ದರು. ಎರಡೇ ದಿನದ ಪರಿಚಯ. ಆದರೂ ಆ ‘ಮಗಳೇ’ ಅವಳ ಕಿವಿಯಲ್ಲಿ ಉಳಿದಿತ್ತು.

ಬಸವೇಶ್ ಡೇರೆಯೊಂದರ ಹಗ್ಗ ಬಿಗಿಯುತ್ತಿದ್ದ. ಮುಡುಕುತೊರೆಯವನೇ. ನಾಲ್ಕಾರು ಡೇರೆ ಹಾಕಿ, ಪೇಟೆಯವರನ್ನು ಕರೆಸಿ ತಿಟ್ಟು ತೋರಿಸುವ ಈ ಉದ್ಯೋಗ ಶುರು ಮಾಡಿ ವರ್ಷವಾಗಿತ್ತಷ್ಟೆ.

“ಅಕ್ಕಿತಿಟ್ಟು ನಿಮ್ಮ ಬೋರ್ಡಲ್ಲಿ ಯಾಕಿಲ್ಲ ಬಸವೇಶ್?”

ಅವನು ತಲೆ ಎತ್ತಲಿಲ್ಲ. “ಅಲ್ಲೇನಿದೆ ಮೇಡಂ? ಒಂದು ಹಳೇ ಪಂಪ್‌ಹೌಸು, ಸುತ್ತ ಮುಳ್ಳು. ತೆಪ್ಪ ನಿಲ್ಸೋಕೂ ಜಾಗ ಸರಿಯಿಲ್ಲ. ಬಂದೋರನ್ನ ಅಲ್ಲಿಗೆ ಬಿಡಲ್ಲ.”

“ನಿನ್ನೆ ಪೊಲೀಸರಿಗೆ ದಾರಿ ತೋರಿಸಿದ್ದು ನೀವೇ ಅಲ್ವಾ?”

“ಹಕ್ಕಿತಿಟ್ಟು ತೋರ್ಸು ಅಂದ್ರು, ತೋರಿಸ್ದೆ.”

“ಮಾದಣ್ಣನ ಬಾಯಲ್ಲಿ ಅದು ಕೊಕ್ರೆತಿಟ್ಟು. ನಿಮ್ಮ ಮನೇಲೂ ಅದನ್ನ ಹಾಗೇ ಕರೀತಿರಬೇಕು. ಅವನು ಹಕ್ಕಿತಿಟ್ಟು ಅಂತ ಹೇಳಿರಲ್ಲ ಅನ್ನೋದು ನಿಮಗೆ ಹೊಳೀಲಿಲ್ವಾ?”

ಬಸವೇಶ್ ಗೂಟಕ್ಕೆ ಇನ್ನೊಂದು ಸುತ್ತು ಹಗ್ಗ ಸುತ್ತಿ ಎದ್ದು ನಿಂತ. “ಹೊಳೀತು.”

“ಮತ್ತೆ?”

“ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಕೇಳದೇ ಇದ್ದಿದ್ದಕ್ಕೆ ಕೊಡ್ಲಿಲ್ಲ. ನಾನೇ ಅವರನ್ನ ಅಲ್ಲಿಗೆ ಕರ್ಕೊಂಡು ಹೋಗಿ, ಅಲ್ಲಿ ಏನಾದ್ರೂ ಸಿಕ್ಕಿ, ಪೇಪರಲ್ಲಿ ಬಂದ್ರೆ ಈ ತೋಪಿಗೆ ಇನ್ನು ಯಾರು ಬರ್ತಾರೆ?”

“ಏನು ಸಿಗುತ್ತೆ ಅಂದ್ಕೊಂಡಿದ್ರಿ?”

ಅವನು ಡೇರೆಯೊಳಗೆ ಹೋಗಿ ನಾಲ್ಕು ಮಡಿಕೆಯ ಒಂದು ಚೀಟಿ ತಂದು ಅವಳ ಕೈಗಿಟ್ಟ. ಬೆಳಿಗ್ಗೆ ಮೇಷ್ಟ್ರ ಹಾಸಿಗೆಯನ್ನು ಬಿಸಿಲಿಗೆ ಹಾಕಲು ಎತ್ತಿದಾಗ ದಿಂಬಿನ ಚೀಲದಲ್ಲಿ ಸಿಕ್ಕಿತಂತೆ. ಠಾಣೆಗೆ ಕೊಡಲು ತಾನೇ ಹೊರಟಿದ್ದನಂತೆ.

ಚೀಟಿಯಲ್ಲಿ ದೊಡ್ಡ ದೊಡ್ಡ ಅಕ್ಷರಗಳು ಒಂದರ ಮೇಲೊಂದು ಒರಗಿಕೊಂಡಿದ್ದವು: ‘ಹಾರೋಗ್ಯ ಸರಿ ಇಲ್ಲ. ಹೂರಿಗೆ ಹೋಗುತ್ತೇನೆ. ಹುಡುಕಬೇಡಿ. ಪುಟ್ಟಬಸವಯ್ಯ.’

“ಜ್ವರ ಗಿರ ಬಂದು ಕೈ ನಡುಗಿರಬೇಕು,” ಎಂದ ಬಸವೇಶ್. “ತಗಡೂರಿನ ಮನೇಲಿ ಫೋನಿಲ್ಲ, ಅದಕ್ಕೇ ಗೊತ್ತಾಗಿಲ್ಲ. ಇದನ್ನ ನಾಲ್ಕು ಗಂಟೆಯೊಳಗೆ ರೈಟರ್‌ಗೆ ಕೊಡಿ. ಮೇಷ್ಟ್ರು ಊರಿಗೆ ಹೋದ್ರು ಅಂತಾಗುತ್ತೆ, ಮಾದು ಮನೆಗೆ ಬರ್ತಾನೆ. ನೀವೂ ಉಳಿದ ರಜಾನ ನೆಮ್ಮದಿಯಾಗಿ ಕಳೀಬಹುದು.”

ಯಶೋಧರಾ ಚೀಟಿಯನ್ನು ಎರಡು ಸಲ ಓದಿದಳು. ಮೂವತ್ತೈದು ವರ್ಷ ಕನ್ನಡ ಕಲಿಸಿದ ಮನುಷ್ಯ ಜ್ವರ ಹಾಗಿರಲಿ, ಸಾಯುವಾಗಲೂ ಆರೋಗ್ಯಕ್ಕೆ ಹಕಾರ ಹಾಕುವವರಲ್ಲ. ಮಾತಿನಲ್ಲಿ ಹಕಾರ ಬಿಡುವವನು, ಬರೆಯಲು ಕೂತಾಗ ತಪ್ಪಾದೀತೆಂದು ಹೆದರಿ ಬೇಡದ ಕಡೆಯಲ್ಲೆಲ್ಲ ಅದನ್ನು ತುರುಕುತ್ತಾನೆ. ಅವಳ ಕ್ಲಾಸಿನಲ್ಲಿ ಅಂಥವರು ಹತ್ತು ಮಂದಿ ಇದ್ದರು. ಅವಳ ಕಣ್ಣು ತಾನಾಗಿಯೇ ಬೋರ್ಡಿನ ಕಡೆ ಹೋಯಿತು.

“ಆ ಬೋರ್ಡು ಬರೆದಿದ್ದು ಯಾರು?”

“ಪೇಂಟರು. ಹೆಸರುಗಳನ್ನ ನಾನು ಬರ್ಕೊಟ್ಟೆ, ಅವನು ಹಂಗೇ ಇಳಿಸ್ದ. ಯಾಕೆ?”

ಸುಮ್ಮನೆ ಕೇಳಿದೆ ಎಂದು ಅವಳು ಚೀಟಿಯನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡಳು. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಇದನ್ನು ಕೊಟ್ಟರೆ ಚಿಕ್ಕಮಾದು ಇವತ್ತು ಮನೆ ಸೇರುತ್ತಾನೆ, ಅವಳ ಮಾತೂ ಉಳಿಯುತ್ತದೆ. ಆದರೆ ನಾಳೆ ಯಾರಾದರೂ ತಗಡೂರಿಗೆ ಹೋಗಿ ಬಂದರೆ ಚೀಟಿ ಸುಳ್ಳೆಂದು ಗೊತ್ತಾಗುತ್ತದೆ. ಆಮೇಲೆ ಸುಳ್ಳು ಚೀಟಿಯ ತಪ್ಪೂ ಚಿಕ್ಕಮಾದುವಿನ ತಲೆಗೇ ಬರುತ್ತದೆ. ಅಷ್ಟರಲ್ಲಿ ಮೇಷ್ಟ್ರು ಎಲ್ಲಿದ್ದಾರೋ, ಹೇಗಿದ್ದಾರೋ ಯಾರೂ ಹುಡುಕುವುದಿಲ್ಲ.

ಮರದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಮಂಚಮ್ಮ, ಊಟ ಆರಿಹೋಯಿತು, ರಜಾ ಅಂತ ಕರೆದುಕೊಂಡು ಬಂದು ಇಲ್ಲೂ ನಿನ್ನ ಡ್ಯೂಟಿಯೇ ಆಯಿತಲ್ಲ ಎಂದು ಗೊಣಗಿದಳು. ಒಂದೇ ಗಂಟೆ ಕಣವ್ವ, ಬಂದುಬಿಟ್ಟೆ ಎಂದು ಯಶೋಧರಾ ಹೊಳೆಯ ಕಡೆ ನಡೆದಳು.

ಚಿಕ್ಕಮಾದುವಿನ ಹೆಂಡತಿ ಸಣ್ಣತಾಯಮ್ಮ ದಡದಲ್ಲಿ ಬೋರಲಾಗಿ ಒಣಗುತ್ತಿದ್ದ ತೆಪ್ಪದ ಪಕ್ಕ ನಿಂತಿದ್ದಳು. ಗಂಡನಷ್ಟೇ ಚೆನ್ನಾಗಿ ಹುಟ್ಟು ಹಾಕುವ ಹೆಂಗಸು. ಚೀಟಿಯ ಸುದ್ದಿಯನ್ನು ಬಸವೇಶ್ ಬೆಳಿಗ್ಗೆಯೇ ಅವಳ ಕಿವಿಗೆ ಹಾಕಿದ್ದ, ಅವನು ಅದನ್ನು ಯಶೋಧರಾ ಕೈಗೆ ಕೊಟ್ಟದ್ದನ್ನೂ ಅವಳು ದಡದಿಂದಲೇ ಕಂಡಿದ್ದಳು.

“ಆ ಚೀಟಿ ಕೊಟ್ಬುಟ್ರೆ ನಮ್ಮೆಜಮಾನ್ರು ಇವತ್ತೇ ಬತ್ತಾರಂತಲ್ಲವ್ವ. ನೀವ್ಯಾಕೆ ಇಟ್ಕಂಡಿದ್ದೀರಿ?”

“ಇದು ಮೇಷ್ಟ್ರು ಬರ್ದಿದ್ದಲ್ಲ ಸಣ್ಣತಾಯಕ್ಕ. ಅವರ ಹೆಸರಲ್ಲಿ ಇನ್ಯಾರೋ ಬರ್ದವ್ರೆ. ಬರ್ದೋನು ಸಿಕ್ಬುಟ್ರೆ ನಿನ್ ಗಂಡಂಗೆ ಇವತ್ತಲ್ಲ, ಯಾವತ್ತೂ ತೊಂದ್ರೆ ಇರಲ್ಲ.”

ಸಣ್ಣತಾಯಮ್ಮ ಅವಳ ಮುಖವನ್ನೇ ನೋಡಿದಳು. “ನಿಮ್ ಮಾತ್ನ ನಂಬ್ಕಂಡೇ ಅವ್ರು ಟೇಸನ್ಗೋದದ್ದು.”

“ಗೊತ್ತು.”

“ಬರ್ದೋನು ಸಿಕ್ತಾನಾ?”

“ಸಿಕ್ತಾನೆ. ಅಕ್ಕಿತಿಟ್ಟಿಗೆ ನಡಿ.”

ಸಣ್ಣತಾಯಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತೆಪ್ಪವನ್ನು ಮಗುಚಿ ನೀರಿಗೆ ತಳ್ಳಿ, ಮುಂದುಗಡೆ ಮೊಣಕಾಲೂರಿ ಕುಳಿತಳು. ಹೊಳೆ ತುಂಬಿರಲಿಲ್ಲ, ಆದರೆ ಸೆಳೆತವಿತ್ತು. ಹುಣಸೆತಿಟ್ಟು ಹಿಂದಾಯಿತು. ಮೊದಲ ದಿನ ಮಂಚಮ್ಮ ಚಿತ್ರಾನ್ನ ಬಿಚ್ಚಿದ್ದ ಬಂಡೆ, ಮೇಷ್ಟ್ರು ಕೂತು ನೀರಿಗೆ ಕಾಲು ಬಿಟ್ಟಿದ್ದ ಮೆಟ್ಟಿಲು ಎಲ್ಲ ಹಾಗೇ ಇದ್ದವು. ಎಡಕ್ಕೆ ಕೊಕ್ಕರೆಗಳ ತಿಟ್ಟು ಸುಣ್ಣ ಬಳಿದ ಹಾಗೆ ಕಂಡು ಮರೆಯಾಯಿತು. ಹೊಳೆ ತಿರುಗುವಲ್ಲಿ, ಮುಳ್ಳು ಪೊದೆಗಳ ನಡುವೆ ಒಂದು ಗಾರೆ ಗೋಡೆ ಕಾಣಿಸಿತು.

ತೆಪ್ಪ ನಿಲ್ಲಿಸಲು ಜಾಗ ಸರಿಯಿಲ್ಲ ಎಂದಿದ್ದನಲ್ಲ ಬಸವೇಶ್, ಹಾಗೇನೂ ಇರಲಿಲ್ಲ. ದಡದಲ್ಲಿ ಒಂದು ಗೂಟ ಹುಗಿದಿತ್ತು, ಹಗ್ಗ ಉಜ್ಜಿ ಉಜ್ಜಿ ಅದರ ಸೊಂಟ ನುಣ್ಣಗಾಗಿತ್ತು. ಅಲ್ಲಿಂದ ಮೇಲಕ್ಕೆ ಹುಲ್ಲು ತುಳಿದು ಕಾಲುದಾರಿ ಬಿದ್ದಿತ್ತು. ಒಂದು ದಿನ ಬಂದು ಹೋದವರ ದಾರಿಯಲ್ಲ ಅದು. ಯಾರೋ ದಿನಾ ಓಡಾಡಿದ್ದರು.

ಸಣ್ಣತಾಯಮ್ಮ ತೆಪ್ಪ ಕಟ್ಟುವಷ್ಟರಲ್ಲಿ ಯಶೋಧರಾ ಪಂಪ್‌ಹೌಸಿನ ಬಾಗಿಲು ತಲುಪಿದ್ದಳು. ಬೀಗವಿರಲಿಲ್ಲ. ತಳ್ಳಿದರೆ ತೆರೆಯಿತು.

ಮೋಟರು ಯಾವ ಕಾಲದಲ್ಲೋ ಹೋಗಿತ್ತು. ನೆಲ ಗುಡಿಸಿ ಚೊಕ್ಕಟವಾಗಿತ್ತು. ಎದುರುಬದುರಾಗಿ ಎರಡು ಚಪ್ಪಡಿ ಕಲ್ಲು, ಕೂರಲು ಹಾಕಿದಂತೆ. ಗೋಡೆಯ ಮೊಳೆಗೆ ಮೇಷ್ಟ್ರ ಕಪ್ಪು ಕೊಡೆ ನೇತುಬಿದ್ದಿತ್ತು. ಅದರ ಕೆಳಗೆ ಸೀಮೆಸುಣ್ಣದ ಡಬ್ಬಿ.

ಗುರುತು ಸಿಕ್ಕಿತು. ನಂಜೇಶ್ ಕೇಳಿದ್ದು ಇಷ್ಟೇ. ಚಿಕ್ಕಮಾದು ನಿಜ ಹೇಳಿದ್ದ, ಮೇಷ್ಟ್ರು ಇಲ್ಲೇ ಇಳಿದಿದ್ದರು. ಯಶೋಧರಾಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೊಡೆ ತೆಗೆಯಲು ಕೈ ಚಾಚಿದಾಗ ಅವಳು ಒಳಗೋಡೆಯನ್ನು ನೋಡಿದಳು.

ಕಪ್ಪಿಟ್ಟ ಗೋಡೆಯ ಉದ್ದಕ್ಕೂ ಅಕ್ಷರಗಳು. ಮೇಲಿನ ಸಾಲು ಮೇಷ್ಟ್ರದು, ದುಂಡಗೆ, ಅಚ್ಚು ಹಾಕಿದ ಹಾಗೆ: ಅ ಆ ಇ ಈ. ಅದರ ಕೆಳಗೆ ಇನ್ನೊಂದು ಕೈ ಅದನ್ನೇ ಬರೆಯಲು ಹೆಣಗಿತ್ತು. ಪಕ್ಕದಲ್ಲಿ ತಾರೀಖು, ಗಣೇಶನ ಹಬ್ಬ ಕಳೆದ ವಾರದ್ದು.

ಅವಳು ಗೋಡೆಯ ಗುಂಟ ನಡೆದಳು. ದಿನದಿಂದ ದಿನಕ್ಕೆ ಆ ಕೈ ಗಟ್ಟಿಯಾಗುತ್ತಾ ಬಂದಿತ್ತು. ಮನೆ, ಹೊಳೆ, ತೆಪ್ಪ. ಒಂದು ಕಡೆ ‘ಹಾಮೆ’ ಎಂದಿತ್ತು. ಮೇಷ್ಟ್ರು ಅದಕ್ಕೆ ಸುತ್ತುಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: ‘ಆಮೆ. ಓದಿದವರು ಎಲ್ಲದಕ್ಕೂ ಉಸಿರು ಸೇರಿಸುವುದಿಲ್ಲ!’

ಈ ಮಾತನ್ನು ಅವಳು ಇವತ್ತೇ ಕೇಳಿದ್ದಳು. ಎಲ್ಲಿ ಎಂದು ನೆನಪಾಗುವ ಮೊದಲೇ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. ಅಲ್ಲಿ ಒಂದೇ ಹೆಸರನ್ನು ನಾಲ್ಕು ಸಲ ಬರೆದಿತ್ತು. ಮೊದಲ ಮೂರನ್ನು ಮೇಷ್ಟ್ರು ತಿದ್ದಿದ್ದರು. ನಾಲ್ಕನೆಯದರ ಮುಂದೆ ‘ಶಭಾಷ್’ ಎಂದಿತ್ತು.

ಚಿಕ್ಕಮಾದು.

ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ ಚಿಕ್ಕಮಾದು. ಅಕ್ಷರ ಗೊತ್ತಿಲ್ಲದ ನನಗೆ ಅದೆಲ್ಲ ಎಲ್ಲಿ ತಿಳಿಯಬೇಕು ತಾಯಿ ಎಂದಿದ್ದ ಚಿಕ್ಕಮಾದು.

ಗೋಡೆಯ ಕೊನೆಯಲ್ಲಿ, ಬಾಗಿಲ ಮರೆಗೆ, ತಾರೀಖು ಹಾಕದ ಮೂರು ಸಾಲುಗಳಿದ್ದವು. ಮೂರೂ ಒಂದೇ. ಹಾರೋಗ್ಯ ಸರಿ ಇಲ್ಲ. ಹೂರಿಗೆ ಹೋಗುತ್ತೇನೆ. ಹುಡುಕಬೇಡಿ. ಮೊದಲನೆಯದರಲ್ಲಿ ಕೈ ತಡವರಿಸಿತ್ತು, ಮೂರನೆಯದರಲ್ಲಿ ಪಳಗಿತ್ತು. ಯಶೋಧರಾ ಬ್ಯಾಗಿನಿಂದ ಚೀಟಿ ತೆಗೆದು ಗೋಡೆಗೆ ಹಿಡಿದಳು. ಹೋಲಿಸಿ ನೋಡುವ ಕಷ್ಟವೇ ಇರಲಿಲ್ಲ.

ಗೋಡೆಯ ಮೇಲಿನ ಒಂದೊಂದು ತಪ್ಪನ್ನೂ ಬಿಡದೆ ತಿದ್ದಿದ್ದ ಮೇಷ್ಟ್ರು ಈ ಮೂರು ಸಾಲನ್ನು ಮುಟ್ಟಿರಲಿಲ್ಲ. ಇದನ್ನು ಬರೆಯುವಾಗ ಅವರು ಇಲ್ಲಿರಲಿಲ್ಲ. ಇದ್ದರೂ ತಿದ್ದುವ ಸ್ಥಿತಿಯಲ್ಲಿರಲಿಲ್ಲ. ಎರಡು ದಿನದಿಂದ ಅವಳು ಯಾರ ಪರವಾಗಿ ಓಡಾಡುತ್ತಿದ್ದಳೋ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ.

ಬಾಗಿಲಲ್ಲಿ ನೆರಳು ಬಿತ್ತು. ಸಣ್ಣತಾಯಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಕೊಡೆ ನೋಡಿದಳು, ಕಲ್ಲುಗಳನ್ನು ನೋಡಿದಳು, ಯಶೋಧರಾ ಕೈಯಲ್ಲಿದ್ದ ಚೀಟಿಯನ್ನೂ ಅದರ ಹಿಂದಿನ ಗೋಡೆಯನ್ನೂ ನೋಡಿದಳು.

“ಏನವ್ವ, ಗ್ವಾಡೆ ತುಂಬ ಬರ್ದವ್ರೆ? ಇದು ಆ ಚೀಟಿ ಬರ್ದೋನ್ದೇಯಾ?”

ಯಶೋಧರಾ ಚೀಟಿಯನ್ನು ಮಡಿಚಿದಳು.

“ಅಂಗಾರೆ ಸಿಕ್ದ್ನಾ ಅವ್ನು?” ಸಣ್ಣತಾಯಮ್ಮನ ಮುಖ ಅರಳಿತ್ತು. “ಯಾರವ್ವ?”

ಯಶೋಧರಾ ಸರಕ್ಕನೆ ತಿರುಗಿ ಆ ಹೆಸರಿಗೆ ಬೆನ್ನು ಅಡ್ಡ ಕೊಟ್ಟು ನಿಂತಳು. ಸಣ್ಣತಾಯಮ್ಮನಿಗೆ ಓದು ಬರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಮರೆತೇ ಹೋಗಿತ್ತು.